ಬ್ಯಾರೆ ಸಾಲಿ ನೋಡ್ರಿ

2024ರ ಜೂನ್ ತಿಂಗಳು. ಶಾಲೆ ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ಬಸವಕಲ್ಯಾಣದ ನಮ್ಮ ಶಾಲೆಯಲ್ಲಿ ಹಾಜರಿ ಪುಸ್ತಕಕ್ಕೆ ಹೊಸ ಮಕ್ಕಳ ಹೆಸರು ಏರಿಸುತ್ತ ಕೂತಿದ್ದೆ. ಹುಮನಾಬಾದಿನಿಂದ ಕೊನೆಯ ತಮ್ಮನ ಫೋನು ಬಂತು.

"ಅಕ್ಕಾ, ಹೆಡ್‌ಮಾಸ್ತರು ಪೋರಿಗಿ ಇನ್ನ ಮನ್ಯಾಗೇ ಇಟ್ಕೋರಿ ಅಂತ ಹೇಳ್ಲತ್ತಾರ. ಮನೀಗೇ ಬಂದು ಕಲಸ್ತಾರಂತ. ಸಹಿ ಮಾಡ್ಲೇನು?"

"ಯಾವುದಕ್ಕ ಸಹಿ?"

"ಒಂದು ಅರ್ಜಿ ಅದ. ನಾವೇ ಕೇಳ್ಕೊಂಡಂಗ ಬರದಾರ."

ಸಹಿ ಮಾಡಬೇಡ, ನಾನು ಬರುತ್ತೇನೆ ಎಂದೆ. ಮರುದಿನ ಸಾಂದರ್ಭಿಕ ರಜೆ ಹಾಕಿ ಬಸ್ಸು ಹತ್ತಿದೆ.

ತಮ್ಮನ ಮಗಳಿಗೆ ಆಗ ಹತ್ತು ವರ್ಷ. ಡೌನ್ ಸಿಂಡ್ರೋಮ್ ಇರುವ ಮಗು. ನಮ್ಮ ನಿಮ್ಮ ಜೀವಕೋಶಗಳಲ್ಲಿ 46 ವರ್ಣತಂತುಗಳಿದ್ದರೆ ಅವಳಲ್ಲಿ 47. ಇಪ್ಪತ್ತೊಂದನೆಯ ಜೋಡಿಯ ಪಕ್ಕದಲ್ಲಿ ಇನ್ನೊಂದು ಬಂದು ಕೂತಿದೆ, ಅಷ್ಟೆ. ಅದು ಗ್ರಹಣ ನೋಡಿದ್ದರಿಂದ ಬಂದದ್ದಲ್ಲ, ಹಿಂದಿನ ಜನ್ಮದ ಸಾಲವೂ ಅಲ್ಲ. ಆದರೆ ನಮ್ಮ ಮನೆಯ ಹಿರಿಯರೇ ವರ್ಷಗಟ್ಟಲೆ ಅದನ್ನೆಲ್ಲ ತಮ್ಮನ ಹೆಂಡತಿಯ ತಲೆಗೆ ಕಟ್ಟಿದರು. ಹುಡುಗಿಗೆ ನಡಿಗೆ ತಡವಾಗಿ ಬಂತು, ಮಾತು ಇನ್ನೂ ತಡವಾಗಿ ಬಂತು. ಬಂದವು ಎಂಬುದು ಮುಖ್ಯ. ನನ್ನನ್ನು ಕಂಡರೆ 'ಅತ್ತಿ' ಎಂದು ಓಡಿ ಬಂದು ಮೊದಲು ನನ್ನ ಚೀಲಕ್ಕೆ ಕೈ ಹಾಕುತ್ತಾಳೆ, ಆಮೇಲೆ ನನ್ನನ್ನು ತಬ್ಬಿಕೊಳ್ಳುತ್ತಾಳೆ.

ಬಸವಕಲ್ಯಾಣದಿಂದ ಹುಮನಾಬಾದಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಸಸ್ತಾಪುರ ಬಂಗ್ಲಾ ದಾಟಿ ರಾಜೇಶ್ವರ ಬರುವಷ್ಟರಲ್ಲಿ ಈ ಹುಡುಗಿಗಾಗಿ ನಾವು ಹುಡುಕಿದ ಶಾಲೆಗಳೆಲ್ಲ ಒಂದೊಂದಾಗಿ ನೆನಪಾದವು. ಮೊದಲನೆಯದು ಮನೆ ಹತ್ತಿರದ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ. ಎರಡು ವರ್ಷ ಫೀಸು ಇಸಿದುಕೊಂಡು, ಒಂದನೇ ತರಗತಿಗೆ ಹಾಕುವ ಹೊತ್ತಿಗೆ, 'ಈ ಮಗುವಿನ ಹಿತದೃಷ್ಟಿಯಿಂದ' ಬೇರೆ ಕಡೆ ನೋಡಿ ಎಂದರು. ಎರಡನೆಯ ಶಾಲೆಯವರು ಅಷ್ಟು ದೂರವೂ ಬರಲಿಲ್ಲ, ಗೇಟಿನಲ್ಲೇ ಸೀಟು ಇಲ್ಲ ಎಂದರು. ಅದೇ ವಾರ ನಮ್ಮ ಪರಿಚಯದವರ ಮಗನಿಗೆ ಅಲ್ಲಿ ಸೀಟು ಸಿಕ್ಕಿತು.

ಮೂರನೆಯದು ಹೈದರಾಬಾದಿನ ದಾರಿ. ಗಡಿನಾಡಿನ ನಮಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಜಹೀರಾಬಾದು, ಸದಾಶಿವಪೇಟೆ, ಸಂಗಾರೆಡ್ಡಿ, ಪಟಾನ್‌ಚೆರು ದಾಟಿದರೆ ಊರು ಬಂತು. ಬುದ್ಧಿಮಾಂದ್ಯ ಮಕ್ಕಳಿಗಾಗಿ ಕೇಂದ್ರ ಸರ್ಕಾರ 1984ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಥೆಯೂ ಸಿಕಂದರಾಬಾದಿನಲ್ಲೇ ಇದೆ. ಆದರೆ ಯಾರೋ ಹೇಳಿದರೆಂದು ತಮ್ಮ ಮೊದಲು ಹೋದದ್ದು ನಗರದ ಒಂದು ಖಾಸಗಿ ಕ್ಲಿನಿಕ್ಕಿಗೆ. ಅಲ್ಲಿ ಬುದ್ಧಿಮಟ್ಟದ ಪರೀಕ್ಷೆ. ಪರೀಕ್ಷೆ ಮಾಡುವ ಹುಡುಗಿ ಒಳ್ಳೆಯವಳೇ, ತೆಲುಗು ಬರುತ್ತದೆ, ಹಿಂದಿ ಬರುತ್ತದೆ, ಕನ್ನಡ ಬಾರದು. ಬೀಗದ ಚಿತ್ರ ತೋರಿಸಿ ಹಿಂದಿಯಲ್ಲಿ ಇದೇನು ಎಂದು ಕೇಳಿದಳು. ನಮ್ಮ ಮಗು ಥಟ್ಟನೆ 'ಕೀಲಿ' ಅಂದಿತು. ನಮ್ಮ ಕಡೆ ಬೀಗಕ್ಕೂ ಕೀಲಿ ಎನ್ನುತ್ತೇವೆ. ಹಿಂದಿಯಲ್ಲಿ 'ಕೀಲ್' ಎಂದರೆ ಮೊಳೆ. ತಪ್ಪು ಎಂದು ಗುರುತು ಬಿತ್ತು. ತಾಯಿ ಬಾಯಿ ಹಾಕಲು ಹೋದರೆ, ನೀವು ಮಗುವಿಗೆ ಹೇಳಿಕೊಡಬಾರದು ಎಂದು ಸುಮ್ಮನಿರಿಸಿದರಂತೆ. ಹಾಗೆ ಹುಟ್ಟಿದ ಅಂಕೆಯೊಂದು ಕಾಗದದ ಮೇಲೆ ಬಂತು. ಮುಂದೆ ಪ್ರತಿ ಶಾಲೆಯ ಮೇಜಿನ ಮೇಲೂ ಮಗುವಿಗಿಂತ ಮೊದಲು ಆ ಕಾಗದವೇ ಹೋಗಿ ಕೂರುತ್ತಿತ್ತು.

ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಒಂದೇ ಓಣಿಯಲ್ಲಿ ಓಡಾಡುವ ಊರು ನಮ್ಮದು. ಮಾತು ತಡವಾಗಿ ಬಂದ ಮಗುವನ್ನು ಅದು ಕೇಳದ ಭಾಷೆಯಲ್ಲಿ ಅಳೆಯುವುದು ಯಾವ ಶಾಸ್ತ್ರ? (ಈಗ 'ಶಕ್ತಿ' ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆದರೆ ಅದು ರಾಜ್ಯದ ಗಡಿಯೊಳಗೆ ಮಾತ್ರ. ನಮ್ಮ ಡಾಕ್ಟರುಗಳು ಗಡಿಯ ಆಚೆ ಇದ್ದಾರೆ.)

ನಾಲ್ಕನೆಯದು ಬೇರೆ ಜಿಲ್ಲೆಯ ಒಂದು ವಸತಿ ಶಾಲೆ. ವಿಶೇಷ ಶಾಲೆ. ಐದೂವರೆ ವರ್ಷದ ಕೂಸನ್ನು ಅಲ್ಲಿ ಬಿಟ್ಟು ಬಂದರು. ಹನ್ನೊಂದನೆಯ ದಿನ ಫೋನು ಬಂತು, ಹುಡುಗಿ ಅನ್ನ ಬಿಟ್ಟಿದ್ದಾಳೆ ಎಂದು. ತಮ್ಮನ ಹೆಂಡತಿ ಹೋಗಿ ಕರೆದುಕೊಂಡು ಬಂದಳು. ಅವತ್ತು ಅವಳು ನನಗೆ ಹೇಳಿದ ಮಾತು ಇದು: "ಅಕ್ಕಾ, ಛಲೋ ಸಾಲಿ ಹುಡುಕಿ ಹುಡುಕಿ ನನ್ನ ಮಗಳಿಗಿ ನಾನೇ ದೂರ ಮಾಡ್ಲತ್ತಿದ್ದೆ."

ಇಷ್ಟು ಹೇಳಿದ ಮೇಲೆ ನನ್ನದೊಂದು ಸಂಗತಿಯನ್ನೂ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. 1996ರಲ್ಲಿ ನಾನು ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಸ ಶಿಕ್ಷಕಿ. ಒಂದನೇ ತರಗತಿಯಲ್ಲಿ ಅರವತ್ತಕ್ಕೂ ಮೇಲೆ ಮಕ್ಕಳು. ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಏಳು ವರ್ಷದ ಮಗನನ್ನು ಕರೆತಂದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮಾತು ಇರಲಿಲ್ಲ. ಎರಡು ದಿನ ಕೂರಿಸಿಕೊಂಡೆ. ಎರಡನೆಯ ದಿನ ತರಗತಿಯಲ್ಲೇ ಒಂದಕ್ಕೆ ಮಾಡಿಕೊಂಡ. ಮಕ್ಕಳು ನಕ್ಕರು. ಮೂರನೆಯ ದಿನ ನಾನು ಬಾಗಿಲಲ್ಲೇ ನಿಂತು, "ಬ್ಯಾರೆ ಸಾಲಿ ನೋಡ್ರಿ, ಇಂಥವ್ರ ಸಲುವಾಗಿ ಬ್ಯಾರೇನೇ ಇರ್ತಾವ" ಎಂದೆ.

"ಎಲ್ಲದ ಬಾಯೋರೆ, ಆ ಸಾಲಿ?" ಎಂದು ಅವಳು ಕೇಳಿದಳು. ವ್ಯಂಗ್ಯವಲ್ಲ, ದಾರಿ ಕೇಳುವ ಹಾಗೆ ಕೇಳಿದಳು. ನನಗೆ ಗೊತ್ತಿರಲಿಲ್ಲ. ಕಲಬುರಗಿ ಕಡೆ ಇರಬಹುದು ಎಂದೆ. ಅವಳು ಮಗನ ಕೈ ಹಿಡಿದುಕೊಂಡು ಹೋದಳು.

ಅಂಗವಿಕಲ ಮಕ್ಕಳಿಗೆ ಹದಿನೆಂಟು ವರ್ಷದವರೆಗೆ ತಕ್ಕ ವಾತಾವರಣದಲ್ಲಿ ಉಚಿತ ಶಿಕ್ಷಣ ಕೊಡಬೇಕು ಎಂಬ 1995ರ ಕಾಯ್ದೆ ಅದೇ 1996ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತ್ತು. ನಾನು ಅದರ ಹೆಸರನ್ನೂ ಕೇಳಿರಲಿಲ್ಲ. ಬಿ.ಎಡ್.ನಲ್ಲಿ ನಾವು ಓದಿದ್ದು ಮನೋವಿಜ್ಞಾನದ ಪುಸ್ತಕದ ನಾಲ್ಕು ಪುಟ: ಶಿಕ್ಷಣಯೋಗ್ಯರು, ತರಬೇತಿಯೋಗ್ಯರು, ಪಾಲನೆಯೋಗ್ಯರು ಎಂಬ ಮೂರು ಮೆಟ್ಟಿಲಿನ ಪಟ್ಟಿ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅಂಕವೂ ಬಂದಿತ್ತು. ಆ ಹುಡುಗನನ್ನು ಎಷ್ಟೋ ವರ್ಷಗಳ ಮೇಲೆ ಅದೇ ಊರಿನ ಬೇವಿನ ಮರದ ಕಟ್ಟೆಯ ಮೇಲೆ ನೋಡಿದೆ. ಗಡ್ಡ ಬಂದಿತ್ತು. ಕಾಲಿಗೆ ಹಗ್ಗದ ಗಾಯವಿತ್ತು. ಹೋಗುಬರುವವರು ಅವನನ್ನು ಅವನ ಹೆಸರಿನಿಂದ ಕರೆಯುತ್ತಿರಲಿಲ್ಲ. ನಾನು ಮಾತಾಡಿಸಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಆದ್ದರಿಂದ ಹುಮನಾಬಾದಿನ ಆ ಹೆಡ್‌ಮಾಸ್ತರರ ಮುಂದೆ ನಾನು ಕೂತದ್ದು ಕಲ್ಲು ಹೊಡೆಯುವ ಹಕ್ಕು ಇದೆಯೆಂದಲ್ಲ. ಅವರು ಹೇಳುವ ಪ್ರತಿ ಮಾತನ್ನೂ ನಾನು ಹೇಳಿದ್ದೆ, ಆ ಮಾತುಗಳ ಒಳಗೇನಿದೆಯೆಂದು ನನಗೆ ಗೊತ್ತು.

ಆ ಸರ್ಕಾರಿ ಶಾಲೆಗೆ ಹುಡುಗಿ ಸೇರಿದ್ದು ಕೊರೋನಾ ಕಾಲದಲ್ಲಿ. 2021ರ ಅಕ್ಟೋಬರ್ ಕೊನೆಗೆ ಸಣ್ಣ ತರಗತಿಗಳ ಬಾಗಿಲು ತೆರೆದಾಗ ಏಳು ವರ್ಷದ ಅವಳು ಒಂದನೇ ತರಗತಿಯ ಚಾಪೆಯ ಮೇಲೆ ಕೂತಳು. ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಯಾಕೆ ನಡೆಯಿತು ಎಂಬುದೇ ಈ ಬರಹದ ಮುಖ್ಯ ವಿಷಯ. ಒಂದರಿಂದ ಮೂರರವರೆಗೆ ನಮ್ಮಲ್ಲಿ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊಳೆತು, 2009ರ ಸುಮಾರಿಗೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ. ಅದರಲ್ಲಿ ಇಡೀ ತರಗತಿಗೆ ಒಂದೇ ಪಾಠ ಎಂಬುದಿಲ್ಲ. ಕಲಿಕೆಯ ಏಣಿಯಿದೆ, ಮೈಲಿಗಲ್ಲುಗಳಿವೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರು ಒಂದು ತಟ್ಟೆಯಲ್ಲಿ, ಗೆಳೆಯರ ಸಹಾಯ ಸಾಕಾದವರು ಇನ್ನೊಂದರಲ್ಲಿ, ತಾವೇ ಕಲಿಯುವವರು ಮತ್ತೊಂದರಲ್ಲಿ ಕೂರುತ್ತಾರೆ. ಜ್ವರ ಬಂದು ಹದಿನೈದು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತುತ್ತದೆ. ಅಕ್ಷರ ಕಲಿಸುವುದೂ ಅ ಆ ಇ ಈ ಕ್ರಮದಲ್ಲಲ್ಲ, ರ ಗ ಸ ದ ಅ ಎಂದು. ಈ ಐದು ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಂದು ಓದಬಹುದು. ನಮ್ಮ ಹುಡುಗಿಗೆ ಈ ಐದಕ್ಕೆ ಏಳು ತಿಂಗಳು ಹಿಡಿಯಿತು. ಹಿಡಿಯಲಿ. ಯಾರಿಗೂ ಅದು ಅಡ್ಡಿಯಾಗಲಿಲ್ಲ, ಏಕೆಂದರೆ ಅಲ್ಲಿ ಯಾರೂ ಯಾರಿಗಾಗಿಯೂ ಕಾಯಬೇಕಿರಲಿಲ್ಲ. 'ಗರಗಸ' ಎಂದು ಓದಿದ ದಿನ ಅವಳು ಮನೆಯಲ್ಲಿ ಹಾಸಿಗೆ, ಬಕೀಟು, ಅಜ್ಜನ ಕೋಲು ಎಲ್ಲದಕ್ಕೂ ಗರಗಸ ಎಂದಳು.

ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಮಾಯ. ಬೆಂಚು, ಪಠ್ಯಪುಸ್ತಕ, ನಲವತ್ತು ನಿಮಿಷದ ಪಾಠ, ಎಲ್ಲರಿಗೂ ಒಂದೇ ಪ್ರಶ್ನೆ. ಮಾರ್ಚ್ ತಿಂಗಳಲ್ಲಿ ಕಲಿಯುತ್ತಿದ್ದ ಮಗು ಜೂನಿನಲ್ಲಿ ಕಲಿಯಲಾರದ ಮಗು ಆಯಿತು. ಬದಲಾದದ್ದು ಮಗುವಲ್ಲ, ಕೋಣೆ. ಅದನ್ನು ಒಪ್ಪಿಕೊಳ್ಳುವ ಬದಲು ಒಂದು ಅರ್ಜಿ ತಯಾರಾಯಿತು, 'ನಮ್ಮ ಮಗುವಿಗೆ ಗೃಹಾಧಾರಿತ ಶಿಕ್ಷಣ ನೀಡಬೇಕೆಂದು ಕೋರುತ್ತೇವೆ' ಎಂದು.

ಹೆಡ್‌ಮಾಸ್ತರರು ಕೆಟ್ಟವರಲ್ಲ. ನನಗೆ ಚಹಾ ತರಿಸಿದರು. "ನೀವೂ ಶಿಕ್ಷಕರೇ, ನಿಮಗೇನು ಹೇಳೋದ್ರಿ" ಎಂದು ಶುರು ಮಾಡಿ ಮೂರು ಕಾರಣ ಕೊಟ್ಟರು. ನಮಗೆ ತರಬೇತಿ ಇಲ್ಲ. ಉಳಿದ ಮಕ್ಕಳ ಪಾಠ ಹಾಳಾಗುತ್ತದೆ. ಮತ್ತು, ಇದು ಮಗುವಿನ ಒಳ್ಳೆಯದಕ್ಕೇ. ಮೊದಲ ಎರಡನ್ನು ನಾನು ಗೌರವಿಸುತ್ತೇನೆ, ಅವುಗಳ ಜೊತೆ ಜಗಳವಾಡಬಹುದು. ಮೂರನೆಯದನ್ನು ಮಾತ್ರ ನಾನು ಸಹಿಸಲಾರೆ. ನನಗೆ ಕಷ್ಟ ಎನ್ನುವುದನ್ನು ನಿನಗೆ ಒಳ್ಳೆಯದು ಎಂದು ತಿರುಗಿಸಿ ಹೇಳುವ ಆ ಮಾತಿನಿಂದಲೇ ನಾನು 1996ರಲ್ಲಿ ಒಬ್ಬ ಹುಡುಗನನ್ನು ಬೇವಿನ ಕಟ್ಟೆಗೆ ಕಳಿಸಿದ್ದು.

ನಾನು ಕಾಯ್ದೆಯ ಪ್ರತಿ ತೆಗೆದುಕೊಂಡು ಹೋಗಿದ್ದೆ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ ಒಂದಕ್ಕೆ. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ಸ್ಪಷ್ಟವಾಗಿ ಅದರೊಳಗೆ ತಂದಿತು. ಅಲ್ಲಿಯೇ ಗೃಹಾಧಾರಿತ ಶಿಕ್ಷಣದ ಮಾತೂ ಇದೆ. ಬಹುವಿಧ ವೈಕಲ್ಯ ಅಥವಾ ತೀವ್ರ ವೈಕಲ್ಯ ಇರುವ ಮಗುವಿಗೆ ಮನೆಯಲ್ಲಿ ಕಲಿಯುವುದನ್ನು ಆಯ್ದುಕೊಳ್ಳುವ ಹಕ್ಕೂ ಇರಬಹುದು ಎಂದು. ಹಕ್ಕು ಯಾರದ್ದು? ಮಗುವಿನದು. ಹೆಡ್‌ಮಾಸ್ತರರದ್ದಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿಯದ್ದೂ ಅಲ್ಲ. ತೀವ್ರ ಎಂದರೆ ಎಷ್ಟು ಎಂಬುದಕ್ಕೆ ಕಾಯ್ದೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯತ್ತ ಬೆರಳು ತೋರಿಸುತ್ತದೆ, ಅಲ್ಲಿ ಶೇಕಡಾ 80 ಅಥವಾ ಹೆಚ್ಚು ಎಂದಿದೆ. ನಮ್ಮ ಹುಡುಗಿಯ ಕಾರ್ಡಿನಲ್ಲಿರುವುದು 75. ಅರ್ಜಿ ಬರೆದವರು ಕಾರ್ಡು ನೋಡಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೂ ಇನ್ನೂ ಸ್ಪಷ್ಟ. ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ಮಗು ಆಯ್ದುಕೊಂಡ ಕಡೆ, ಉಚಿತವಾಗಿ ಕಲಿಯುವ ಹಕ್ಕು. 'ಆಯ್ದುಕೊಂಡ' ಎಂಬ ಒಂದು ಪದವನ್ನು ನಾವು ಎಷ್ಟು ಸಲೀಸಾಗಿ ನುಂಗಿದ್ದೇವೆ ನೋಡಿ. ಆಯ್ಕೆ ಮಾಡಿ ಮುಗಿಸಿದವರು ನಾವು, ಸಹಿ ಮಾತ್ರ ತಂದೆತಾಯಿಯದು.

ವಿಶೇಷ ಶಾಲೆಗಳನ್ನು ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಶಾಲೆಯಲ್ಲಿ ಮೂರು ವರ್ಷ ಮೂಲೆಯಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದ ಕಿವಿ ಕೇಳದ ಹುಡುಗಿಯೊಬ್ಬಳು ಕಲಬುರಗಿಯ ಸರ್ಕಾರಿ ಕಿವುಡ ಮಕ್ಕಳ ಶಾಲೆಗೆ ಹೋದಳು. ರಜೆಗೆ ಬಂದಾಗ ಅವಳ ಎರಡು ಕೈಗಳು ಎಷ್ಟು ಮಾತಾಡುತ್ತಿದ್ದವೆಂದರೆ ನಾವೇ ಮೂಕರಾಗಿ ನಿಂತೆವು. ಅವಳಿಗೆ ಬೇಕಾದದ್ದು ತನ್ನ ಭಾಷೆಯ ಜನ, ಅದು ಅಲ್ಲಿ ಸಿಕ್ಕಿತು. ಹುಮನಾಬಾದಿನ ಮಗ್ಗುಲಲ್ಲೇ ಮಾಣಿಕನಗರದಲ್ಲಿ ಪ್ರಭು ಸಂಸ್ಥಾನದವರು ಅಂಧ ಮಕ್ಕಳ ಶಾಲೆ ನಡೆಸುತ್ತಾರೆ. ಸರ್ಕಾರವೂ ಕಿವಿ ಕೇಳದವರಿಗೆ ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿಗಳಲ್ಲಿ, ಕಣ್ಣು ಕಾಣದವರಿಗೆ ಮೈಸೂರು, ಕಲಬುರಗಿ, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಶಾಲೆ ಇಟ್ಟಿದೆ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಕ್ಕಳ ವಿಷಯ ಬಂದಾಗ ಮಾತ್ರ ಅದು ಹೆಚ್ಚಾಗಿ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನಾನು ಕೇಳುವುದಿಷ್ಟೆ. ಆಯ್ಕೆ ಎಂದು ಕರೆಯಬೇಕಾದರೆ ಎದುರಿಗೆ ಎರಡು ಬಾಗಿಲಾದರೂ ತೆರೆದಿರಬೇಕಲ್ಲ? ಒಂದು ಬಾಗಿಲು ಇನ್ನೂರು ಕಿಲೋಮೀಟರು ದೂರ, ಇನ್ನೊಂದಕ್ಕೆ ಒಳಗಿನಿಂದ ಚಿಲಕ.

ಇನ್ನು ತರಬೇತಿಯ ಮಾತು. ಅದು ನಿಜವಾದ ಕಷ್ಟ, ಅದರ ಹೊಣೆ ಆ ಹೆಡ್‌ಮಾಸ್ತರರದ್ದಲ್ಲ. ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ವಿಶೇಷ ಶಿಕ್ಷಕರಿದ್ದಾರೆ. ತಾಲ್ಲೂಕಿಗೆಲ್ಲ ಸೇರಿ ಒಂದು ಕೈಯ ಬೆರಳಿನಷ್ಟು ಜನ, ಶಾಲೆಗಳು ನೂರಕ್ಕೂ ಮೇಲೆ. ಅವರು ಯಾವ ಊರಿಗೆ ಯಾವಾಗ ಹೋಗಬೇಕು? ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ಲೆಕ್ಕ ಹಾಕಿ ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ. ರಾಜ್ಯಗಳು ಮಿಸುಕದಿದ್ದಾಗ 2025ರ ಮಾರ್ಚಿನಲ್ಲಿ ಮತ್ತೆ ಕೇಳಿ, ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ ಎಂದು ಆದೇಶಿಸಿತು. ಈ ಹುದ್ದೆಗಾಗಿ ನಮ್ಮ ಸಂಘದ ಸಭೆಗಳಲ್ಲಿ ಯಾರಾದರೂ ಕೂಗಿದ್ದನ್ನು ನಾನು ಕೇಳಿಲ್ಲ. ತುಟ್ಟಿಭತ್ಯೆಗೆ ಕೂಗಿದ್ದೇವೆ, ವರ್ಗಾವಣೆಗೆ ಕೂಗಿದ್ದೇವೆ, ನಾನೂ ಗಂಟಲು ಹರಿದುಕೊಂಡಿದ್ದೇನೆ. 'ತರಬೇತಿ ಇಲ್ಲ' ಎಂಬ ಮಾತನ್ನು ನಾವು ಮೇಲಿನವರಿಗೆ ಹೇಳಬೇಕಿತ್ತು. ಅದನ್ನು ಬಾಗಿಲಲ್ಲಿ ನಿಂತ ತಾಯಂದಿರಿಗೆ ಹೇಳುತ್ತ ಬಂದೆವು.

2025ರ ದಸರಾ ಹೊತ್ತಿಗೆ ನಮ್ಮನ್ನು ಮನೆಮನೆ ಸಮೀಕ್ಷೆಗೆ ಕಳಿಸಿದರು. ಶಿಕ್ಷಕರಿಗೆ ಪಾಠ ಬಿಟ್ಟು ಇನ್ನೆಲ್ಲ ಕೆಲಸ ಎಂದು ಬೈದುಕೊಂಡೇ ಹೊರಟೆ. ನಾನು ಸುತ್ತಿದ ಓಣಿಗಳಲ್ಲಿ ಎರಡು ಮನೆಯಲ್ಲಿ, ಒಳಕೋಣೆಯಿಂದ ಯಾವುದೋ ಸದ್ದು ಕೇಳಿ, ಯಾರು ಎಂದು ಕೇಳಿದ ಮೇಲೆ, "ಅದು ಹಂಗೇ ಅದ ಬಿಡ್ರಿ" ಎಂದರು. ಒಬ್ಬಳಿಗೆ ಹದಿಮೂರು. ಯಾವ ಶಾಲೆಯ ದಾಖಲೆಯಲ್ಲೂ ಹೆಸರಿಲ್ಲ. ತಾಯಿಯನ್ನು ಶಾಲೆಗೆ ಯಾಕೆ ಹಚ್ಚಲಿಲ್ಲ ಎಂದು ಕೇಳಿದೆ. "ಹೋಗಿದ್ದೆವ್ರಿ, ಬ್ಯಾರೆ ಸಾಲಿ ನೋಡ್ರಿ ಅಂದ್ರು."

ನಮ್ಮ ಊರಿನಲ್ಲಿ 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. 770 ಕಂಬಗಳ ಕಟ್ಟಡ, ಅಂದು ಹೇಳಿದ ಲೆಕ್ಕ 500 ಕೋಟಿ ರೂಪಾಯಿ. ಮಂಟಪದ ಮೇಲೆ ನನಗೆ ಸಿಟ್ಟಿಲ್ಲ, ಆಗಲಿ. ಆದರೆ ಹನ್ನೆರಡನೆಯ ಶತಮಾನದ ಆ ಮಂಟಪದಲ್ಲಿ ಅಂಬಿಗರ ಚೌಡಯ್ಯನಿಗೂ ಮಡಿವಾಳ ಮಾಚಯ್ಯನಿಗೂ ಯಾರೂ ಬಾಗಿಲಲ್ಲಿ ಪ್ರಮಾಣಪತ್ರ ಕೇಳಲಿಲ್ಲ ಎಂದು ಪ್ರತಿ ಬಸವ ಜಯಂತಿಗೆ ಭಾಷಣ ಮಾಡುವ ನಾವು, ಮರುದಿನ ಶಾಲೆಯಲ್ಲಿ ಮೊದಲು ಕೇಳುವುದೇ ಪ್ರಮಾಣಪತ್ರ. ಆ ಭಾಷಣಗಳಲ್ಲಿ ಕೆಲವನ್ನು ಬರೆದುಕೊಟ್ಟವಳು ನಾನೇ.

ಹೆಡ್‌ಮಾಸ್ತರರ ಕೋಣೆಯಲ್ಲಿ ಆ ದಿನ ಎರಡೂವರೆ ತಾಸು ಕೂತೆವು. ಕೊನೆಗೆ ಅರ್ಜಿ ಹರಿಯಲಿಲ್ಲ, ಮೇಜಿನ ಡ್ರಾಯರಿಗೆ ಹೋಯಿತು. ಹುಡುಗಿ ನಾಲ್ಕನೇ ತರಗತಿಯ ಹಾಜರಿಯಲ್ಲೇ ಉಳಿದಳು. ಅವಳಿಗೆ ಕಲಿಸಿದ್ದ ನಲಿ-ಕಲಿಯ ಶಿಕ್ಷಕಿ, ದಿನಕ್ಕೆ ಒಂದು ತಾಸು ನನ್ನ ಚಾಪೆಗೆ ಕಳಿಸಿ ಸರ್, ಅವಳ ಕಾರ್ಡು ಇನ್ನೂ ನನ್ನ ಹತ್ತಿರವೇ ಇವೆ ಎಂದರು. ಉಳಿದ ಹೊತ್ತು ತನ್ನ ಓರಗೆಯವರ ಜೊತೆ. ಕಾಗದದ ಮೇಲೆ ನಾವು ಐವರು ಸೇರಿ ಅವಳ ವರ್ಷದ ಪಾಠ ಬರೆದೆವು. ಐವತ್ತು ರೂಪಾಯಿಯವರೆಗೆ ದುಡ್ಡು ಎಣಿಸುವುದು. ತನ್ನ ಹೆಸರು, ತಂದೆಯ ಹೆಸರು, ಊರು, ಫೋನ್ ನಂಬರು ಹೇಳುವುದು, ಬರೆಯುವುದು. ಅಂಗಡಿಗೆ ಹೋಗಿ ಬೇಕಾದ್ದು ಕೇಳಿ ಚಿಲ್ಲರೆ ವಾಪಸು ತರುವುದು. ಬಸ್ಸಿನ ಬೋರ್ಡು ಓದುವುದು. ವಿಜ್ಞಾನದಲ್ಲಿ ಕುಡಿಯುವ ನೀರು, ಮೈ ಶುಚಿ, ಯಾರು ಮುಟ್ಟಬಹುದು ಯಾರು ಮುಟ್ಟಬಾರದು. ನಾಲ್ಕು ಊರು ಅಲೆದು ನಾವು ಹುಡುಕಿದ 'ತಕ್ಕ ಕಾರ್ಯಕ್ರಮ' ಒಂದು ಹಾಳೆಯ ಎರಡು ಮಗ್ಗುಲಲ್ಲಿ ಹಿಡಿಯಿತು. ತಮ್ಮನ ಹೆಂಡತಿ ಹೇಳದಿದ್ದರೆ ಆ ಕೊನೆಯದು ನಮಗೆ ಯಾರಿಗೂ ಹೊಳೆಯುತ್ತಿರಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆದರೆ ಅದೂ ಸುಳ್ಳು. ಆ ವರ್ಷ ವಿಶೇಷ ಶಿಕ್ಷಕರು ಮೂರು ಸಲ ಬಂದರು. ಎರಡು ಮನೆಯವರು ತಮ್ಮ ಮಕ್ಕಳನ್ನು ಅವಳ ಪಕ್ಕ ಕೂರಿಸಬೇಡಿ ಎಂದು ಹೇಳಿ ಹೋದರು. ನಲಿ-ಕಲಿಯ ಶಿಕ್ಷಕಿಗೆ ವರ್ಗವಾಯಿತು. ಈಗ ಹುಡುಗಿ ಐದನೇ ತರಗತಿ, ಹಾಳೆಯನ್ನು ಹೊಸದಾಗಿ ಬರೆಯಬೇಕಿದೆ. ವಿಶೇಷ ಶಿಕ್ಷಕರ ಭೇಟಿಯ ದಿನಗಳನ್ನು ಲಿಖಿತವಾಗಿ ಕೊಡಿ ಎಂದು ತಮ್ಮ ಬರೆದ ಪತ್ರಕ್ಕೆ ಸ್ವೀಕೃತಿಯ ಮೊಹರು ಬಿದ್ದಿದೆ, ಉತ್ತರ ಬಂದಿಲ್ಲ.

ಮೊನ್ನೆ ನವೆಂಬರಿನಲ್ಲಿ ಅವಳನ್ನು ಎರಡು ದಿನಕ್ಕೆ ನನ್ನ ಮನೆಗೆ ಕರೆದುಕೊಂಡು ಹೊರಟಿದ್ದೆ. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನಿಯಮ ಹಾಕಿದೆ: ಬೋರ್ಡು ನೀನೇ ಓದಬೇಕು, ಅತ್ತಿ ಹೇಳುವುದಿಲ್ಲ. ಬೀದರಿನ ಬಸ್ಸು ಬಂತು, ಓದಿ ತಲೆಯಾಡಿಸಿದಳು, ನಮ್ಮದಲ್ಲ. ಕಲಬುರಗಿ ಬಂತು, ಅದೂ ಅಲ್ಲ. ನಮ್ಮ ಬಸ್ಸು ಬಂದು ನಿಂತಿತು. ಬೆರಳು ತೋರಿಸಿ ಬ, ಸ, ವ, ಕ ಎಂದಳು. ಮುಂದೆ 'ಲ್ಯಾ' ಹತ್ತಿರ ನಿಂತಳು. ಒತ್ತಕ್ಷರ ಅವಳಿಗೆ ಇನ್ನೂ ಬರುವುದಿಲ್ಲ. ಕಂಡಕ್ಟರು, "ಹತ್ರಿ ಬಾಯೋರೆ, ಹತ್ರಿ" ಎಂದು ಬಾಗಿಲು ಬಡಿದ. ನಾನು ಸುಮ್ಮನಿದ್ದೆ. ಅವಳು 'ಲ' ಎಂದಳು, ನನ್ನ ಮುಖ ನೋಡಿದಳು, ಮತ್ತೆ ಬೋರ್ಡು ನೋಡಿದಳು. ಬಸ್ಸು ಹೊರಟುಹೋಯಿತು. ಮುಂದಿನದು ಅರ್ಧ ತಾಸಿಗೆ ಎಂದರು. ಇಬ್ಬರೂ ಕಟ್ಟೆಯ ಮೇಲೆ ಕೂತು ಶೇಂಗಾ ತಿಂದೆವು.